ಅಪ್ಪನ ಮೂಗು

ನನ್ನದು ಕಂಠದಾನದ ಕೆಲಸ. ದಾನ ಅಂತ ಹೆಸರಿದ್ದರೂ ದುಡ್ಡು ಕೊಡುತ್ತಾರೆ. ಸಿನಿಮಾ ಮುಗಿದ ಮೇಲೆ ನಿರ್ಮಾಪಕರು ಫೋನ್ ಎತ್ತುವುದು ನಿಲ್ಲಿಸಿದರೆ ಮಾತ್ರ ಅದು ಹೆಸರಿಗೆ ತಕ್ಕ ಹಾಗೆ ದಾನವೇ ಆಗಿಬಿಡುತ್ತದೆ. ಇಪ್ಪತ್ಮೂರು ವರ್ಷದಿಂದ ಬೆಂಗಳೂರಿನ ಡಬ್ಬಿಂಗ್ ಥಿಯೇಟರುಗಳ ಕತ್ತಲಲ್ಲಿ ನಿಂತು, ಪರದೆಯ ಮೇಲೆ ಇನ್ನೊಬ್ಬಳ ಬಾಯಿ ನೋಡುತ್ತ ಮಾತಾಡಿದ್ದೇನೆ. ಮುಂಬೈಯಿಂದ ಬಂದ ನಾಯಕಿಯರಿಗೆ, ಕೇರಳದಿಂದ ಬಂದವರಿಗೆ, ಈಗೀಗ ಕನ್ನಡಕ್ಕೆ ಡಬ್ ಆಗುವ ಹಿಂದಿ ಸೀರಿಯಲ್ಲುಗಳ ಅತ್ತೆಯರಿಗೆ. ಎಲ್ಲರೂ ಮುಖ ನೋಡುವಾಗ ಕಣ್ಣು ನೋಡುತ್ತಾರೆ, ನಾನು ತುಟಿ ನೋಡುತ್ತೇನೆ. ಮದುವೆ ಮನೆಯಲ್ಲಿ ಯಾರಾದರೂ ಮಾತಾಡಿಸಿದರೂ ಅಷ್ಟೇ. ಒಂದೆರಡು ಸಲ ಎದುರಿದ್ದವರು ಮೀಸೆಗೆ ಏನೋ ಅಂಟಿಕೊಂಡಿದೆ ಅಂದುಕೊಂಡು ಕರವಸ್ತ್ರ ತೆಗೆದದ್ದಿದೆ.

ತುಟಿಗಳು ಬದಲಾಗುತ್ತಿವೆ ಅನ್ನುವುದು ನನಗೆ ಗೊತ್ತಾಗಿದ್ದು ಪ ಫ ಬ ಭ ಮ ಇಂದ. ಬೇರೆ ಅಕ್ಷರಗಳಲ್ಲಿ ಮೋಸ ಮಾಡಬಹುದು. ಪರದೆಯ ಮೇಲೆ ಅವಳು ‘ಕ’ ಅಂದಿದ್ದರೂ ನಾನು ‘ಗ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ಈ ಐದಕ್ಕೆ ಮಾತ್ರ ಎರಡು ತುಟಿ ಮುಚ್ಚಲೇಬೇಕು. ಅವಳ ತುಟಿ ಮುಚ್ಚಿದ ಗಳಿಗೆಗೇ ನನ್ನ ‘ಮ’ ಬೀಳಬೇಕು, ಇಲ್ಲದಿದ್ದರೆ ಮಕ್ಕಳಿಗೂ ಕಾಣುತ್ತದೆ. ಸುಮಾರು ಹತ್ತು ವರ್ಷದ ಹಿಂದೆ ಒಂದು ಸಿನಿಮಾ. ಮೊದಲರ್ಧ ಬೆಳಗಿನಿಂದ ಸಂಜೆಯೊಳಗೆ ಮುಗಿದಿತ್ತು. ಮಾರನೆಯ ದಿನ ಒಂದು ಮಾತೂ ಕೂರಲಿಲ್ಲ. ನಾಯಕಿ ‘ಅಮ್ಮಾ’ ಅಂದರೆ ತುಟಿ ಬೇಗ ಮುಚ್ಚುತ್ತದೆ, ತಡವಾಗಿ ಬಿಡುತ್ತದೆ. ನನಗೇ ಏನೋ ಆಗಿದೆ ಅಂತ ಬಿಸಿನೀರು ಕುಡಿದೆ, ಹೊರಗೆ ಹೋಗಿ ಬಂದೆ. ಕೊನೆಗೆ ಸೌಂಡ್ ಎಂಜಿನಿಯರ್ ಎರಡು ಶಾಟ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. “ಮೇಡಂ, ತಪ್ಪು ನಿಮ್ದಲ್ಲ. ಬಾಯೇ ಬೇರೆ.”

ಶೂಟಿಂಗ್ ನಡುವೆ ಆರು ತಿಂಗಳು ನಿಂತಿತ್ತಂತೆ. ಆ ಹುಡುಗಿ ಅಷ್ಟರಲ್ಲಿ ತುಟಿ ಉಬ್ಬಿಸುವ ಫಿಲ್ಲರ್ ಹಾಕಿಸಿಕೊಂಡಿದ್ದಳು. ಕಥೆಯ ಪ್ರಕಾರ ಅವಳು ಒಂದು ತುಟಿಯಲ್ಲಿ ಬಸ್ ಇಳಿದು ಇನ್ನೊಂದು ತುಟಿಯಲ್ಲಿ ಮನೆ ಬಾಗಿಲು ತಟ್ಟಿದಳು. ನಾವಿಬ್ಬರೂ ನಕ್ಕೆವು. ಆ ನಗು ಈಗ ನೆನಪಾದರೆ ಅಷ್ಟು ಹಿತವಾಗುವುದಿಲ್ಲ.

ನಮ್ಮ ಹಳೆಯ ಕವಿಗಳು ತುಟಿಯನ್ನು ತೊಂಡೆಹಣ್ಣಿಗೆ, ಮೂಗನ್ನು ಸಂಪಿಗೆಗೆ, ಹಲ್ಲನ್ನು ದಾಳಿಂಬೆಗೆ ಹೋಲಿಸಿ ಸುಮ್ಮನಾದರು. ಈಗ ಆ ತೋಟವೆಲ್ಲ ಕ್ಲಿನಿಕ್ಕಿನಲ್ಲಿ ಸಿಗುತ್ತದೆ. ತುಟಿಗೆ ತುಂಬುವುದು ಹೆಚ್ಚಾಗಿ ಹಯಲುರಾನಿಕ್ ಆಮ್ಲದ ಜೆಲ್ಲು, ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ, ಮತ್ತೆ ತುಂಬಿಸಬೇಕು. ಹಣೆಗೆ ಬೊಟಾಕ್ಸು, ಅದು ಮೂರ್ನಾಲ್ಕು ತಿಂಗಳು. ವ್ಯಾಂಕೂವರಿನ ಕಣ್ಣಿನ ವೈದ್ಯೆಯೊಬ್ಬರು ರೆಪ್ಪೆ ಅದುರುವ ಕಾಯಿಲೆಗೆ ಬೊಟಾಕ್ಸಿನ ಮೂಲವಾದ ಬಾಟುಲಿನಂ ವಿಷವನ್ನು ಚೂರು ಚೂರೇ ಚುಚ್ಚುತ್ತಿದ್ದಾಗ, ಹಣೆಯ ಗೆರೆಗಳೂ ಮಾಯವಾಗುತ್ತವೆ ಅಂತ ರೋಗಿಯಿಂದಲೇ ತಿಳಿಯಿತಂತೆ. 2002ರಲ್ಲಿ ಅಮೆರಿಕದ ಸರ್ಕಾರ ಅದನ್ನು ಹುಬ್ಬಿನ ನಡುವಿನ ಗೆರೆಗೆ ಬಳಸಲು ಒಪ್ಪಿಗೆ ಕೊಟ್ಟಿತು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುವುದು ಅದರ ಕೆಲಸ. ಸ್ನಾಯು ಸುಮ್ಮನಾದರೆ ಗೆರೆಯೂ ಸುಮ್ಮನೆ, ಕೋಪವೂ ಸುಮ್ಮನೆ. ಆಗ ನಿರ್ದೇಶಕರು ಗಾಜಿನಾಚೆಯಿಂದ ನನಗೆ ಹೇಳುತ್ತಾರೆ: “ಮೇಡಂ, ಕೋಪ ಇನ್ನೊಂಚೂರು ಜಾಸ್ತಿ ಹಾಕಿ.” ಹಣೆ ಮಾಡದ ಕೆಲಸವನ್ನು ಗಂಟಲು ಮಾಡಬೇಕು.

ಇಷ್ಟು ಹೇಳಿದ ಮೇಲೆ ನಾನು ‘ಹಿಂದಿನವರದ್ದು ಸಹಜ ಸೌಂದರ್ಯ’ ಅಂತ ಶುರು ಮಾಡುತ್ತೇನೆ ಅಂದುಕೊಂಡಿದ್ದರೆ, ಇಲ್ಲ. ಕಂಪನಿ ನಾಟಕದವರು, ಯಕ್ಷಗಾನದವರು ಮುಖಕ್ಕೆ ಹಚ್ಚುತ್ತಿದ್ದ ಅರದಾಳ ಏನು ಗೊತ್ತೇ? ಹಳದಿ ಬಣ್ಣದ ಆರ್ಸೆನಿಕ್. ಕೆಂಪಿಗೆ ಇಂಗಳೀಕ, ಅದರಲ್ಲಿರುವುದು ಪಾದರಸ. ದೀಪದ ಬೆಳಕಿನಲ್ಲಿ ಮುಖ ಹೊಳೆಯಲಿ ಅಂತ ರಾತ್ರಿಯಿಡೀ ವಿಷ ಮೆತ್ತಿಕೊಂಡು ಕುಣಿದವರ ಪರಂಪರೆ ನಮ್ಮದು. ಗಂಡಸರೇ ದ್ರೌಪದಿಯಾಗಿ, ದಮಯಂತಿಯಾಗಿ ಚಂದ ಕಂಡವರು. ಆದರೆ ಬೆಳಗಿನ ಜಾವ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಅಡಿಯಲ್ಲಿ ಅವರವರ ಮುಖ ಅವರಿಗೆ ವಾಪಸ್ಸು ಸಿಗುತ್ತಿತ್ತು.

ನಮ್ಮ ಅಪ್ಪ ಅರಸೀಕೆರೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದರು. ಉದ್ದ ಮೂಗು, ನಡುವೆ ಸಣ್ಣ ಗೂನು. “ರಾಜ್‌ಕುಮಾರ್‌ದೂ ಇಷ್ಟೇ ಉದ್ದ ಕಣೇ” ಅಂತ ಕನ್ನಡಿ ಮುಂದೆ ನಿಂತು ಮೂಗಿನ ಮೇಲೆ ಬೆರಳು ಜಾರಿಸುತ್ತಿದ್ದರು. ಅಣ್ಣಾವ್ರ ಮೂಗಿಗೆ ಅವರದು ಸಮವಲ್ಲ, ಆ ಮಾತು ಬೇರೆ. ಹೇಳಬೇಕಾದ್ದು ಏನೆಂದರೆ, ಆ ಕಾಲದಲ್ಲಿ ತನ್ನ ಮೂಗಿಗೆ ಒಬ್ಬ ಗಂಡಸು ಸಿನಿಮಾದಲ್ಲಿ ಜೋಡಿ ಹುಡುಕಬಹುದಿತ್ತು. ಉಬ್ಬು ಹಲ್ಲಿನವರಿಗೆ ನರಸಿಂಹರಾಜು ಇದ್ದರು. ಅವರ ಹಲ್ಲಿಗೆ ಯಾರಾದರೂ ಕ್ಲಿಪ್ ಹಾಕಿಸಿಬಿಟ್ಟಿದ್ದರೆ ಕನ್ನಡದ ಎಷ್ಟು ನಗು ನಷ್ಟವಾಗುತ್ತಿತ್ತೋ. ಬೋಳು ತಲೆಯವರಿಗೆ ರಜನೀಕಾಂತ್ ಈಗಲೂ ಇದ್ದಾರೆ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಈ ಮನುಷ್ಯ ಪರದೆಯ ಮೇಲೆ ವಿಗ್ ಹಾಕಿ, ಪರದೆಯಾಚೆ ಅದನ್ನು ತೆಗೆದಿಟ್ಟು ಬೋಳು ತಲೆಯಲ್ಲಿ ಓಡಾಡಿದರೆ ಜನ ಸರಳತೆ ಅಂತ ಕೈಮುಗಿಯುತ್ತಾರೆ. ನಾಯಕಿಯೊಬ್ಬಳು ಮೇಕಪ್ ಇಲ್ಲದೆ ವಿಮಾನ ನಿಲ್ದಾಣದಲ್ಲಿ ಕಂಡರೆ ಸಂಜೆಯೊಳಗೆ ಅವಳ ಫೋಟೋಗೆ ಬಾಣದ ಗುರುತು ಹಾಕಿ ಹಂಚುತ್ತಾರೆ.

ನನ್ನವೂ ಉಬ್ಬು ಹಲ್ಲೇ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಸೀರಿಯಲ್ಲಿಗೆ ಆಡಿಷನ್ ಕೊಡಲು ಹೋಗಿದ್ದೆ. ಮಾತು ಕೇಳಿ ಎಲ್ಲರೂ ತಲೆಯಾಡಿಸಿದರು. ಆಮೇಲೆ ಲೈಟ್ ಹಾಕಿದರು. “ಹಲ್ಲು ಸರಿ ಮಾಡಿಸ್ಕೊಂಡು ಬಾಮ್ಮ, ನೋಡೋಣ” ಅಂದರು. ಹೊರಗೆ ಬೆಂಚಿನ ಮೇಲೆ ಅಳುತ್ತ ಕೂತಿದ್ದವಳನ್ನು ಧ್ವನಿಗ್ರಹಣದವರೊಬ್ಬರು ಕರೆದುಕೊಂಡು ಹೋಗಿ ಮೈಕಿನ ಮುಂದೆ ನಿಲ್ಲಿಸಿದರು. ಆ ವಾರವೇ ಒಬ್ಬ ಬೆಳ್ಳಗಿನ ಹುಡುಗಿಗೆ ನಾನು ದನಿಯಾದೆ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಹಲ್ಲಿನ ಡಾಕ್ಟರ ಹತ್ತಿರ ಹೋದೆನಾದರೂ ಕ್ಲಿಪ್ ಹಾಕಿಸಿಕೊಳ್ಳಲಿಲ್ಲ. ತಂತಿ ಹಾಕಿದ ಮೇಲೆ ಕೆಲವು ದಿನ ‘ಸ’, ‘ಶ’ ತೊದಲಬಹುದು ಅಂದರು. ಅಷ್ಟು ಹೊತ್ತಿಗೆ ನನ್ನ ಅನ್ನ ‘ಸ’, ‘ಶ’ಗಳ ಮೇಲೇ ನಿಂತಿತ್ತು. ಇದನ್ನು ನನ್ನ ಆತ್ಮವಿಶ್ವಾಸ ಅಂತ ಹೊಗಳುವವರಿದ್ದಾರೆ. ಅಲ್ಲ, ಲೆಕ್ಕಾಚಾರ. ಮುಖದಿಂದ ಅನ್ನ ಹುಟ್ಟುವ ಕೆಲಸದಲ್ಲಿದ್ದಿದ್ದರೆ ಮಾರನೆಯ ದಿನವೇ ಹಾಕಿಸಿಕೊಳ್ಳುತ್ತಿದ್ದೆ.

ಅಪ್ಪನ ಮೂಗು ನನಗೆ ಬರಲಿಲ್ಲ. ಅಕ್ಕನಿಗೂ ಬರಲಿಲ್ಲ. ಒಂದು ತಲೆಮಾರು ಹಾರಿ ಅಕ್ಕನ ಮಗಳಿಗೆ ಬಂತು, ಗೂನಿನ ಸಮೇತ.

ಅವಳು ಸೀರಿಯಲ್ ನಟಿ. ಹೆಸರು ಬೇಡ. ನಾಲ್ಕು ವರ್ಷದಲ್ಲಿ ಮೂರು ಸೀರಿಯಲ್, ಮೂರರಲ್ಲೂ ನಾಯಕಿಯ ತಂಗಿ. ಹೋದ ವರ್ಷ ಯುಗಾದಿ ಆದ ಮೇಲೆ ಒಂದು ರಾತ್ರಿ ನಮ್ಮ ಮನೆಗೆ ಬಂದವಳು ಊಟ ಮುಗಿಸಿ, ತಟ್ಟೆಯಲ್ಲಿ ಬೆರಳಾಡಿಸುತ್ತ, “ಚಿಕ್ಕಮ್ಮ, ಮೂಗು ಮಾಡಿಸ್ಕೋತೀನಿ” ಅಂದಳು. ಮನೆಗೆ ಬಣ್ಣ ಮಾಡಿಸುತ್ತೇನೆ ಅಂದ ಹಾಗೆ. ಕ್ಯಾಮೆರಾದವರು ಅವಳನ್ನು ಯಾವತ್ತೂ ಪಕ್ಕದಿಂದ ಹಿಡಿಯುವುದಿಲ್ಲವಂತೆ, “ಸ್ವಲ್ಪ ಈ ಕಡೆ ತಿರುಗಿ” ಅಂತ ಮುಖವನ್ನು ತಿರುಗಿಸಿ ನಿಲ್ಲಿಸುತ್ತಾರಂತೆ. ಹಾಗೆ ತಿರುಗಿ ನಿಂತರೆ ಜೊತೆಗಿದ್ದವರ ಕಣ್ಣಿಗೆ ಕಣ್ಣಿಟ್ಟು ನಟಿಸಲು ಆಗುವುದಿಲ್ಲ. ವಿಡಿಯೋಗಳ ಕೆಳಗೆ ಜನ ‘ಗಿಣಿ ಬಂತು’ ಅಂತ ಬರೆಯುತ್ತಾರೆ. ಗಿಣಿಮೂಗು ಅನ್ನುವುದು ನಮ್ಮ ಅಜ್ಜಿ ಕಾಲಕ್ಕೆ ಹೊಗಳಿಕೆಯಾಗಿತ್ತು ಕಣೇ ಅಂದೆ. ಅವಳು ನಗಲಿಲ್ಲ.

ಆ ರಾತ್ರಿ ನಾನು ಹೇಳಬಹುದಾದ್ದನ್ನೆಲ್ಲ ಹೇಳಿದೆ. ಮೊಬೈಲನ್ನು ಒಂದಡಿ ದೂರದಲ್ಲಿ ಹಿಡಿದು ಸೆಲ್ಫಿ ತೆಗೆದರೆ ಮೂಗು ಇರುವುದಕ್ಕಿಂತ ಶೇ. 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ ಅಂದೆ. “ಸೀರಿಯಲ್ ಕ್ಯಾಮೆರಾ ಸೆಲ್ಫಿ ಅಲ್ಲ” ಅಂದಳು. ಉಮಾಶ್ರೀ ಅವರನ್ನು ನೋಡು ಅಂದೆ. ಯಾರೂ ನಾಯಕಿ ಅಂತ ಕರೆಯದ ಮುಖದಲ್ಲಿ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ತಂದರು, 2021ರ ಡಿಸೆಂಬರಿನಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಇಡೀ ಕರ್ನಾಟಕ ಆ ಮುಖವನ್ನೇ ನೋಡುತ್ತ ಕೂತಿತ್ತು. ಅದಕ್ಕೆ ಅವಳು ಕೊಟ್ಟ ಉತ್ತರಕ್ಕೆ ಇವತ್ತಿಗೂ ನನ್ನ ಹತ್ತಿರ ಮರುಮಾತಿಲ್ಲ. “ಅಲ್ಲಿಗೆ ಹೋಗಿ ಮುಟ್ಟೋಕೆ ಅವ್ರಿಗೆ ಎಷ್ಟು ವರ್ಷ ಹಿಡೀತು ಚಿಕ್ಕಮ್ಮ? ನನಗೆ ಇನ್ನೊಂದು ಐದು ವರ್ಷ ಕೊಡ್ತಾರೆ, ಅಷ್ಟೇ.”

ಒಪ್ಪಿದೆ. ಒಂದೇ ಷರತ್ತು ಹಾಕಿದೆ: ಅಮ್ಮನಿಗೆ ಹೇಳಬೇಕು. ಅವಳ ಮುಖ ಬಾಡಿತು. ಚಾಕುವಿಗೆ ಹೆದರದವಳು ಅರಸೀಕೆರೆಗೆ ಒಂದು ಫೋನ್ ಮಾಡಲು ಹೆದರಿದಳು.

ಈ ಷರತ್ತಿನ ಹಿಂದೆ ಒಂದು ಹೆಸರಿದೆ. 2022ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲೇ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಇಪ್ಪತ್ತೊಂದು ವರ್ಷ. ಆ ವಾರ ಡಬ್ಬಿಂಗ್ ಥಿಯೇಟರಿನ ಕಾಫಿ ಹೊತ್ತಿನಲ್ಲಿ ಅದೇ ಮಾತು. ‘ಇವ್ರಿಗೆಲ್ಲ ಯಾಕೆ ಬೇಕಿತ್ತು’ ಅಂದವರೇ ಎರಡು ದಿನದ ಹಿಂದೆ ಇನ್ನೊಬ್ಬಳನ್ನು ಪರದೆಯ ಮೇಲೆ ನೋಡಿ ‘ಸ್ವಲ್ಪ ದಪ್ಪ ಆಗಿದಾಳಲ್ವಾ’ ಅಂದಿದ್ದರು. ನಾನೂ ಅಂದಿದ್ದೆ. ‘ಮೈಕೈ ತುಂಬಿಕೊಂಡಿದ್ದಾಳೆ’ ಅನ್ನುವುದು ನಮ್ಮ ಅಮ್ಮಂದಿರ ಬಾಯಲ್ಲಿ ಮೆಚ್ಚುಗೆ. ಆ ಮಾತು ಯಾವಾಗ ಬೈಗುಳವಾಯಿತು ಅಂತ ತಿಥಿ ಹಿಡಿದು ಹೇಳಲಾರೆ, ಆದರೆ ಹಾಗೆ ಮಾಡಿದವರಲ್ಲಿ ನಮ್ಮ ಬಾಯಿಗಳೂ ಇದ್ದವು.

ಆಪರೇಷನ್ನಿಗಿಂತ ಅದರ ಸುತ್ತ ಕಟ್ಟುವ ಗುಟ್ಟಿಗೆ ನಾನು ಹೆಚ್ಚು ಹೆದರುತ್ತೇನೆ. ಯಾರಿಗೂ ಗೊತ್ತಾಗಬಾರದು ಅಂತ ಹೊರಟವಳು ಯಾರ ಹತ್ತಿರವೂ ವಿಚಾರಿಸಲಾರಳು. ಜೊತೆಗೆ ಯಾರನ್ನೂ ಕರೆದೊಯ್ಯಲಾರಳು. ಎರಡನೇ ಡಾಕ್ಟರ ಅಭಿಪ್ರಾಯ ಕೇಳಲಾರಳು. ಪ್ರಿಯಾಂಕಾ ಚೋಪ್ರಾ ಅಂಥವರೇ, ಮೂಗಿನೊಳಗಿನ ದುರ್ಮಾಂಸ ತೆಗೆಸಲು ಹೋಗಿ ಮೂಗಿನ ಸೇತುವೆ ಕುಸಿದದ್ದನ್ನು, ಅದರಿಂದ ಸಿನಿಮಾಗಳು ಕೈತಪ್ಪಿದ್ದನ್ನು 2021ರ ತಮ್ಮ ಆತ್ಮಕಥನದಲ್ಲಿ ಬರೆಯುವ ಹೊತ್ತಿಗೆ ಸುಮಾರು ಎರಡು ದಶಕ ಕಳೆದಿತ್ತು. ಅಷ್ಟು ಕಾಲ ಜನ ಅವರಿಗೆ ‘ಪ್ಲಾಸ್ಟಿಕ್’ ಅಂತ ಅಡ್ಡಹೆಸರಿಟ್ಟು ಆಡಿಕೊಂಡರು. ರಾಖಿ ಸಾವಂತ್ ಅದಕ್ಕೂ ಬಹಳ ಮೊದಲೇ ಟೀವಿಯಲ್ಲಿ ಕೂತು, ದೇವರು ಕೊಡದ್ದನ್ನು ಡಾಕ್ಟರು ಕೊಡುತ್ತಾರೆ ಅಂದಾಗ ದೇಶವೇ ನಕ್ಕಿತ್ತು. 2020ರಲ್ಲಿ ಶ್ರುತಿ ಹಾಸನ್, ಹೌದು ಮಾಡಿಸಿಕೊಂಡಿದ್ದೇನೆ, ನಾಚಿಕೆಯಿಲ್ಲ, ಮಾಡಿಸಿಕೊಳ್ಳಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ ಅನ್ನುವ ಅರ್ಥದಲ್ಲಿ ಬರೆದರು. ಆಗ ನಕ್ಕವರು ಕಡಿಮೆ. ಇಷ್ಟಾದರೂ ನಮ್ಮ ಕನ್ನಡದ ಹುಡುಗಿಯರು ಬಾಯಿ ಬಿಡುವುದು ಅಪರೂಪ. ‘ನೀರು ಜಾಸ್ತಿ ಕುಡೀತೀನಿ, ಯೋಗ ಮಾಡ್ತೀನಿ’ ಅನ್ನುತ್ತಾರೆ. ಅದನ್ನು ನಂಬಿ ನೀರು ಕುಡಿಯುವ ಹದಿನಾರರ ಹುಡುಗಿಯರ ಪಾಡು ಏನು?

ಗಂಡಸರ ಗುಟ್ಟು ಇನ್ನೂ ದೊಡ್ಡದು. ತಲೆಗೆ ಕೂದಲು ನೆಡಿಸಿಕೊಂಡ ಎಷ್ಟು ನಾಯಕರಿಗೆ ಟೋಪಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ್ದನ್ನು ನೋಡಿದ್ದೇನೆ. ಯೂಟ್ಯೂಬ್ ನೋಡಿ ಕೂದಲು ನೆಡುವುದನ್ನು ಕಲಿತರೆ ಅದು ತರಬೇತಿ ಅಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬರೆದು ಹೇಳಬೇಕಾಯಿತು. ಬರೆದು ಹೇಳಬೇಕಾಯಿತು ಅಂದರೆ ಪರಿಸ್ಥಿತಿ ಎಲ್ಲಿಗೆ ಬಂದಿರಬೇಕು ನೀವೇ ಲೆಕ್ಕ ಹಾಕಿ.

ಅಂತೂ ಫೋನ್ ಮಾಡಿದಳು. ಅಕ್ಕ ಅತ್ತಳು, ಬೈದಳು, ನನಗೂ ಬೈದಳು, ಕೊನೆಗೆ “ಆಷಾಢದಲ್ಲಿ ಯಾರಾದ್ರೂ ಮೂಗು ಕೊಯ್ಸ್ಕೋತಾರೇನೇ?” ಅನ್ನುವಲ್ಲಿಗೆ ಬಂದು ನಿಂತಳು. ಸೀರಿಯಲ್ಲಿನಲ್ಲಿ ಬಿಡುವು ಸಿಗುವುದು ಆಷಾಢದಲ್ಲೇ ಅಂತ ಇವಳು. ಅಲ್ಲಿಗೆ ಒಪ್ಪಿಗೆ ಸಿಕ್ಕಿದ ಹಾಗಾಯಿತು.

ಮೂರು ಕಡೆ ತೋರಿಸಿದೆವು. ಒಂದು ಕಡೆ ಡಾಕ್ಟರು ಬರುವ ಮೊದಲೇ ಕಂತಿನ ಫಾರಂ ಬಂತು, ಎದ್ದು ಬಂದೆವು. ಕೊನೆಗೆ ಒಪ್ಪಿಗೆಯಾದ ವೈದ್ಯರು ಮಾತು ಕಡಿಮೆ, ಗೆರೆ ಜಾಸ್ತಿ. ಫೋಟೋದ ಮೇಲೆ ಅಪ್ಪನ ಗೂನನ್ನು ಎರಡು ಗೆರೆಯಲ್ಲಿ ಹಿಡಿದರು. ಅರಿವಳಿಕೆ ಕೊಡುವವರು ಯಾರು, ಏನಾದರೂ ಆದರೆ ಐಸಿಯು ಎಲ್ಲಿದೆ ಅಂತ ನಾನು ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನೆಲ್ಲ ಕೇಳಿದೆ. ಬೇಸರ ಮಾಡಿಕೊಳ್ಳದೆ ಉತ್ತರ ಹೇಳಿದರು. ಮೂಗಿನ ಒಳಗೋಡೆಯೂ ಸೊಟ್ಟಗಿದೆ, ಉಸಿರಾಟಕ್ಕೆ ಅದನ್ನೂ ಸರಿಮಾಡಬೇಕು ಅಂದರು. ಅಂದಾಜು ಪಟ್ಟಿ ಕೈಗೆ ಬಂದಾಗ ಅದರಲ್ಲಿ ಎರಡು ಭಾಗ. ಒಳಗೋಡೆಗೆ ಜಿಎಸ್‌ಟಿ ಇಲ್ಲ, ಅದು ಚಿಕಿತ್ಸೆ. ಹೊರಗಿನ ಆಕಾರಕ್ಕೆ ಆಗ ಶೇ. 18. ಹುಟ್ಟಿನ ಊನಕ್ಕೋ ಅಪಘಾತದ ಗಾಯಕ್ಕೋ ಮಾಡಿದರೆ ತೆರಿಗೆ ಇಲ್ಲ, ಅಂದಕ್ಕೆ ಮಾಡಿದರೆ ಇದೆ. ಉಸಿರು ಎಲ್ಲಿ ಮುಗಿಯುತ್ತದೆ, ಆಸೆ ಎಲ್ಲಿಂದ ಶುರುವಾಗುತ್ತದೆ ಅಂತ ಒಂದೇ ಮೂಗಿನ ಮೇಲೆ ಸರ್ಕಾರ ಗಡಿ ಎಳೆದಿತ್ತು. ಹೊಟ್ಟೆಪಾಡಿಗೆ ಮಾಡಿಸಿದರೆ ಯಾವ ಕಡೆಗೆ ಬರುತ್ತದೋ, ಆ ಪಟ್ಟಿಯಲ್ಲಿ ಅದಕ್ಕೆ ಮನೆಯಿರಲಿಲ್ಲ.

ಕಾಯುತ್ತ ಕೂತಿದ್ದಾಗ ಅವಳಿಗೆ ಕಾವಸ್‌ಜಿಯ ಕಥೆ ಹೇಳಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದವನು. ಟಿಪ್ಪುವಿನವರ ಕೈಗೆ ಸಿಕ್ಕಿಬಿದ್ದ, ಮೂಗನ್ನೂ ಒಂದು ಕೈಯನ್ನೂ ಕಡಿದು ಕಳಿಸಿದರು. ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯವನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆ ಹರಡಿ ಗೆರೆ ಎಳೆದು, ಆ ಅಳತೆಗೆ ಹಣೆಯ ಚರ್ಮ ಬಿಡಿಸಿ, ಹುಬ್ಬಿನ ನಡುವೆ ಒಂದು ಎಳೆ ಮಾತ್ರ ಉಳಿಸಿಕೊಂಡು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಅದು ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅಲ್ಲಿ ಅದೇ ರೀತಿ ಮಾಡಿ ಗೆದ್ದ. ಈಗಿನ ಮೂಗಿನ ಡಾಕ್ಟರುಗಳ ವಂಶಾವಳಿಯಲ್ಲಿ ಶ್ರೀರಂಗಪಟ್ಟಣದ ಕಡೆಯ ಒಂದು ಕಡಿದ ಮೂಗಿದೆ.

ಗಮನವಿಟ್ಟು ಕೇಳಿದಳು. ಆಮೇಲೆ ಅಂದಳು: “ಅವನಿಗೆ ಇರಲೇ ಇಲ್ಲ ಚಿಕ್ಕಮ್ಮ. ನನಗೆ ಜಾಸ್ತಿ ಇದೆ.”

ಆಪರೇಷನ್ ಚೆನ್ನಾಗೇ ಆಯಿತು. ಒಂದು ವಾರ ಮೂಗಿನ ಮೇಲೆ ಪಟ್ಟಿ, ಎರಡು ವಾರ ಕಣ್ಣ ಕೆಳಗೆ ನೇರಳೆಹಣ್ಣಿನ ಬಣ್ಣ. ಊತ ಪೂರ್ತಿ ಇಳಿದು ಕೊನೆಯ ಆಕಾರ ಬರಲು ಒಂದು ವರ್ಷವೇ ಬೇಕಂತೆ. ನಮ್ಮ ಮನೆಯಲ್ಲೇ ಇದ್ದಳು. ಸೀರಿಯಲ್ಲಿನವರು ಅವಳ ಪಾತ್ರವನ್ನು ದಿಲ್ಲಿಗೆ ಓದಲು ಕಳಿಸಿದರು. ಸುಮ್ಮನೆ ಕಳಿಸಿ ಬಿಟ್ಟಿದ್ದರೆ ಸರಿಯಿತ್ತು, ಆದರೆ ನಾಯಕಿಗೆ ಕಷ್ಟ ಬಂದು ಒಂದು ರಾತ್ರಿ ತಂಗಿಗೆ ಫೋನ್ ಮಾಡುವ ದೃಶ್ಯ ಬರೆದುಬಿಟ್ಟರು. ಇವಳ ದನಿಯೋ, ಹತ್ತಿ ತುರುಕಿದ ಕೊಳವೆಯಿಂದ ಬಂದ ಹಾಗೆ. ‘ಅಕ್ಕ, ನಾನಿದ್ದೀನಿ’ ಅಂದರೆ ‘ಅಕ್ಕ, ದಾದಿದ್ದೀದಿ’ ಅಂತ ಕೇಳಿಸುತ್ತಿತ್ತು. ಇಬ್ಬರೂ ನಗುವಂತಿಲ್ಲ, ನಕ್ಕರೆ ಅವಳಿಗೆ ನೋವು.

ನಾನೇ ಹೋದೆ. ಅದೇ ಕತ್ತಲು, ಅದೇ ಮೈಕು. ಪರದೆಯ ಮೇಲೆ ಮಾತ್ರ ಈ ಸಲ ತುಟಿಯಿರಲಿಲ್ಲ, ನಾಯಕಿಯ ಕಿವಿಯ ಹತ್ತಿರ ಒಂದು ಫೋನ್ ಅಷ್ಟೇ. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಯಾರ ಬಾಯಿಗೂ ಹೊಂದಿಸದೆ, ನನಗೆ ಬೇಕಾದ ಕಡೆ ಉಸಿರು ತೆಗೆದುಕೊಂಡು ಮಾತಾಡಿದೆ. ಇಪ್ಪತ್ತೈದರ ಹುಡುಗಿಯ ದನಿ ಇನ್ನೂ ನನ್ನೊಳಗಿತ್ತು. ಎಲ್ಲೋ ಒಂದು ‘ಶ’ದಲ್ಲಿ ನನ್ನ ಹಲ್ಲು ಇಣುಕಿರಬಹುದು, ಯಾರೂ ಹಿಡಿಯಲಿಲ್ಲ.

ಮೂರನೇ ವಾರ ಅಕ್ಕ ಬಂದಳು. ಹುರಿಗಾಳು, ಚಟ್ನಿಪುಡಿ, ಹಪ್ಪಳದ ಡಬ್ಬಿಗಳ ಜೊತೆ. ಬಾಗಿಲಲ್ಲೇ ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು, ಈ ಕಡೆ, ಆ ಕಡೆ, ಥೇಟ್ ಕ್ಯಾಮೆರಾದವರ ಹಾಗೆ. ನಮ್ಮ ಹಾಲಿನ ಗೋಡೆಯಲ್ಲಿ ಅಪ್ಪನ ಫೋಟೋ ಇದೆ, ರೈಲ್ವೆಯ ಬಿಳಿ ಅಂಗಿಯಲ್ಲಿ, ಪಕ್ಕಕ್ಕೆ ತಿರುಗಿ. ಅಕ್ಕ ಅದನ್ನು ನೋಡುತ್ತಾಳೆ ಅಂತ ನಾನು ಕಾದೆ. ನೋಡಲಿಲ್ಲ. ಬಹುಶಃ ಬೇಕೆಂದೇ.

“ನೋವಿದ್ಯಾ?”

“ಇಲ್ಲಮ್ಮ.”

“ಉಸ್ರು?”

“ಚೆನ್ನಾಗ್ ಆಡ್ತಿದೆ. ಎರಡೂ ಕಡೆ.”

ಆಮೇಲೆ ಅಕ್ಕ ಚೀಲದ ತಳದಿಂದ ಕೆಂಪು ಕಾಗದದ ಒಂದು ಪುಟ್ಟ ಪೊಟ್ಟಣ ತೆಗೆದಳು. ನಮ್ಮ ಅಜ್ಜಿಯ ಏಳು ಕಲ್ಲಿನ ಮೂಗುಬೊಟ್ಟು. ಅಮ್ಮ ಹಾಕಿಕೊಂಡದ್ದು, ಅಕ್ಕ ಮದುವೆಯಲ್ಲಿ ಹಾಕಿಕೊಂಡದ್ದು, ನಾನು ಯಾವತ್ತೂ ಕೇಳದ್ದು. ಇವಳಿಗೆ ಮೂಗು ಚುಚ್ಚಿಸಿದ್ದು ಚಿಕ್ಕಂದಿನಲ್ಲಿ, ತೂತು ಇನ್ನೂ ಇದೆ, ಹೊಸ ಮೂಗಿನಲ್ಲೂ ಅದೇ ಜಾಗದಲ್ಲಿ.

“ಡಾಕ್ಟ್ರನ್ನ ಕೇಳು” ಅಂದಳು ಅಕ್ಕ ನನಗೆ, ಮಗಳಿಗಲ್ಲ. “ಇದನ್ನ ಯಾವಾಗಿಂದ ಹಾಕ್ಕೋಬಹುದು ಅಂತ.”

ಕೇಳಿದೆ. ಕೆಲವು ತಿಂಗಳು ಕಳೆಯಲಿ, ಆಮೇಲೆ ನೋಡಿ ಹೇಳುತ್ತೇನೆ ಅಂದರು. ಪೊಟ್ಟಣ ಈಗ ನನ್ನ ಬೀರುವಿನಲ್ಲಿದೆ, ಅವಳ ಎಕ್ಸ್‌ರೇ ಮತ್ತು ಬಿಲ್ಲುಗಳ ಪಕ್ಕದಲ್ಲಿ.